ಗೋಡೆಯಾಚೆಯ ಓದುಗ

ಮೂರನೆಯ ದಿನವೂ ಅವನು ಬರಲಿಲ್ಲ.

ಗುಯಿಲಾನ್ ಕನ್ನಡಕ ಒರೆಸಿಕೊಂಡು ಮತ್ತೆ ಲ್ಯಾಪ್‌ಟಾಪಿಗೆ ಮುಖ ಒಡ್ಡಿದಳು. ಈ ದಿನ ವೆಬ್ ಪುಟಕ್ಕೆ ಬಂದು ಓದಿದವರು ಎಷ್ಟು ಜನ ಎಂದು ತೋರಿಸುವ ಜಾಗದಲ್ಲಿ ಸೊನ್ನೆ. ಗಂಟೆ ಹನ್ನೊಂದಾಗಿತ್ತು. ಅವನು ಯಾವತ್ತೂ ಒಂಬತ್ತು ದಾಟಿಸಿದವನಲ್ಲ.

ಆ ಪುಟ ಬರೆದವನು ಅವಳ ಗಂಡ ತ್ಯಾನ್‌ಶೆಂಗ್. ಚೀನಾದ ಶಾನ್ಶಿ ಪ್ರಾಂತದ ಒಂದು ಕಲ್ಲಿದ್ದಲ ಗಣಿಯ ದೀಪದ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತವನು. ಕೆಳಗಿಳಿಯುವವರಿಗೆ ದೀಪ ಕೊಡುವುದು, ಮೇಲೆ ಬಂದವರಿಂದ ವಾಪಸು ಪಡೆಯುವುದು ಅವನ ಕೆಲಸ. ಗಣಿಗೆ ನೀರು ನುಗ್ಗಿದಾಗ ಸತ್ತವರು ಒಂಬತ್ತು ಜನ ಎಂದು ಪತ್ರಿಕೆ ಬರೆಯಿತು. ತ್ಯಾನ್‌ಶೆಂಗನ ಕೋಣೆಗೆ ಮೂವತ್ತೊಂದು ದೀಪ ವಾಪಸು ಬಂದಿರಲಿಲ್ಲ. ಆ ಮೂವತ್ತೊಂದು ಹೆಸರನ್ನೂ, ದೀಪ ಇಸಿದುಕೊಳ್ಳುವಾಗ ಒಬ್ಬೊಬ್ಬರು ಆಡಿದ ಮಾತನ್ನೂ ಅವನು ಬರೆದಿಟ್ಟ. ‘ಇನ್ನೂರ ಹನ್ನೆರಡನೆಯ ದೀಪ: ಮಗಳಿಗೆ ಹಲ್ಲು ಬಂತು ಅಂದ.’ ದೇಶದೊಳಗೆ ಅದನ್ನು ಇಡಲು ಜಾಗವಿರಲಿಲ್ಲ. ಹೊರದೇಶದ ಸರ್ವರಿನಲ್ಲಿ ಬಾಡಿಗೆಗೆ ಜಾಗ ಹಿಡಿದ.

ಶ್ವಾಸಕೋಶ ಕೆಟ್ಟು ಅವನು ಹೋದ ಮೇಲೆ ಬಾಡಿಗೆ ಕಟ್ಟುವುದು ಗುಯಿಲಾನ್ ಪಾಲಿಗೆ ಬಂತು. ಬ್ಯಾಂಕಿನಿಂದ ಕಟ್ಟಿದರೆ ಹೆಸರು ಸಿಕ್ಕಿಬೀಳುತ್ತದೆ. ಅದಕ್ಕೇ ಅವನು ಬಿಟ್ಟುಹೋದ ಕ್ರಿಪ್ಟೊ ವಾಲೆಟ್. ಅದನ್ನು ತೆರೆಯಬೇಕಾದರೆ ಮೊದಲು ‘ಏಣಿ’ ಹಾಕಬೇಕು. ಸರ್ಕಾರ ಇಂಟರ್ನೆಟ್ಟಿಗೆ ಕಟ್ಟಿದ ಗೋಡೆಯನ್ನು ಗುಟ್ಟಾಗಿ ದಾಟಿಸುವ ಸುರಂಗಕ್ಕೆ ಜನ ಇಟ್ಟ ಹೆಸರು ಅದು. ಅರವತ್ತೆಂಟರ ವಯಸ್ಸಿನಲ್ಲಿ ಅವಳು ಏಣಿ ಹಾಕಲು ಕಲಿತಳು. ಕಲಿಸಿದವಳು ತಂಗಿಯ ಮಗಳು ರುಯಿಶಿನ್.

“ಒಬ್ಬರಾದರೂ ಓದೋವರೆಗೆ ಉಳಿಸು” ಎಂದಿದ್ದ ತ್ಯಾನ್‌ಶೆಂಗ್.

ಒಬ್ಬ ಓದುತ್ತಿದ್ದ. ಮೂರು ವರ್ಷದಿಂದ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ. ಶನಿವಾರ ಭಾನುವಾರ ಬರುತ್ತಿರಲಿಲ್ಲ, ವಸಂತ ಹಬ್ಬದ ರಜೆಯ ವಾರವೂ ಇಲ್ಲ. ಯಾವುದೋ ಕಚೇರಿಯ ಗುಮಾಸ್ತನಿರಬೇಕು, ಸತ್ತವರಲ್ಲಿ ಒಬ್ಬರ ಮಗನಿರಬೇಕು, ಕೆಲಸಕ್ಕೆ ಕೂರುವ ಮೊದಲು ಅಪ್ಪನ ಹೆಸರು ನೋಡಿಕೊಳ್ಳುತ್ತಾನೆ ಎಂದು ಗುಯಿಲಾನ್ ನಂಬಿದ್ದಳು. ಚಳಿ ಹೆಚ್ಚಾದ ದಿನ ಅವನು ಬೆಚ್ಚಗೆ ಹೊದ್ದಿದ್ದಾನೋ ಇಲ್ಲವೋ ಎಂದೂ ಯೋಚಿಸುತ್ತಿದ್ದಳು.

“ಹಿಡಿದು ಹಾಕಿರ್ತಾರೆ ಅವನನ್ನ,” ಅಂದಳು.

“ನೆಗಡಿ ಬಂದು ಮಲಗಿರ್ತಾನೆ, ದೊಡ್ಡಮ್ಮ.” ನೂಡಲ್ಸಿಗೆ ಹಿಟ್ಟು ನಾದುತ್ತಿದ್ದ ರುಯಿಶಿನ್ ಬಗ್ಗಿ ನೋಡಿದಳು. “ಇದೇನು ಮಾಡ್ತಿದ್ದೀರಿ?”

“ಐದು ವರ್ಷದ ಬಾಡಿಗೆ ಒಟ್ಟಿಗೇ ಕಟ್ತಿದ್ದೀನಿ.”

“ಅದು ನಿಮ್ಮ ಕಣ್ಣಿನ ಆಪರೇಷನ್ ದುಡ್ಡು.”

“ಜೈಲಿಂದ ಬಂದವನು ಮೊದಲು ಅಪ್ಪನ ಹೆಸರು ಹುಡುಕ್ತಾನೆ. ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ. ಹೆಸರು ಅಲ್ಲಿರಬೇಕು.”

“ಕಣ್ಣು ಮಂಜಾದ್ರೆ ನೀವು ಹೇಗೆ ಓದ್ತೀರಿ?”

“ನನಗೆ ಬಾಯಿಪಾಠ ಕಣೇ.”

ವಾಲೆಟ್ ಬರಿದಾಯಿತು. ಮೂರು ದಿನದಿಂದ ಊಟ ಸೇರದಿದ್ದ ಅವಳು ಆ ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು.

ಮರುದಿನ ಬಾಗಿಲು ಬಡಿದವನು ಸಮವಸ್ತ್ರದಲ್ಲಿದ್ದ. ಮೂವತ್ತರ ಆಸುಪಾಸಿನವನು, ಟೋಪಿ ಕೈಯಲ್ಲಿತ್ತು. ಗುಯಿಲಾನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಹೆದರಬೇಡಿ ಅಜ್ಜಿ. ಏಣಿ, ವಾಲೆಟ್ಟು ಎಲ್ಲ ನಮಗೆ ಮೊದಲಿಂದ ಗೊತ್ತು. ನಿಮ್ಮ ಫೈಲು ಮುಚ್ಚಿದ್ದಾರೆ. ಇಲ್ಲೊಂದು ರುಜು ಹಾಕಿಬಿಡಿ, ಸಾಕು.”

ಅವಳು ಪೆನ್ನು ಮುಟ್ಟಲಿಲ್ಲ. “ನನ್ನನ್ನ ಏನು ಬೇಕಾದ್ರೂ ಮಾಡಿ. ದಿನಾ ಬಂದು ಓದ್ತಿದ್ನಲ್ಲ ಆ ಹುಡುಗ, ಅವನನ್ನ ಬಿಟ್ಟುಬಿಡಿ. ಅವನದೇನೂ ತಪ್ಪಿಲ್ಲ.”

ಅವನು ಕಾಗದ ಮಡಿಸಿದ, ಬಿಡಿಸಿದ. ಅವಳ ಮುಖ ನೋಡಲಾಗಲಿಲ್ಲ.

“ಅದು ನಾನೇ, ಅಜ್ಜಿ. ಪುಟಕ್ಕೆ ಯಾರು ಬರ್ತಾರೆ ಅಂತ ದಿನಾ ತೆರೆದು ಕಾಯೋಕೆ ಹಾಕಿದ್ರು. ಮೂರು ವರ್ಷದಲ್ಲಿ ಒಬ್ಬರೂ ಬರಲಿಲ್ಲ ಅಂತ ಕಾವಲು ತೆಗೆದ್ರು.”