ಅಮ್ಮ ಮುಂದಿನ ಸೀಟಿಗೆ ಬಂದ ದಿನ

ಅವತ್ತು ಬೆಳಿಗ್ಗೆ ಅಮ್ಮ ಎಂದಿನಂತೆ ನನಗೆ ಎರಡು ಜಡೆ ಹೆಣೆಯುತ್ತಿದ್ದಳು. ಅವಳ ತವರು ಸೂಲಿಬೆಲೆಯಿಂದ ಆಳು ಬಂದು, ಅಜ್ಜಿಗೆ ಜ್ವರ ಜೋರಾಗಿದೆ, ಮಗಳನ್ನೇ ಕೇಳುತ್ತಿದ್ದಾರೆ ಎಂದ. ಅಪ್ಪ ಕಾರು ತೆಗೆಯಲು ಹೋದರು. ಊರಿಗೆಲ್ಲ ಇದ್ದದ್ದು ಅದೊಂದೇ ಕಾರು. ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲಿ ಸರ್ವೀಸ್ ಮಾಡಿಸಿ ತಂದಿದ್ದರು. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಸ್ಟೇರಿಂಗು ಬಿಗಿದುಕೊಂಡಿತ್ತು.

"ಚೆನ್ನಾಗಿದ್ದಿದ್ದನ್ನ ಕೆಡಿಸಿ ಕೊಟ್ಟವ್ರೆ. ಒಬ್ಬನ ಕೈಲಿ ತಿರುಗಲ್ಲ ಕಣೇ, ನಾಳೆ ಹೋಗೋಣ," ಎಂದರು.

"ನಾಳೆವರೆಗೂ ಅವ್ವ ಕಾಯ್ತಾಳಾ? ನಾನೂ ಒಂದು ಕೈ ಹಾಕ್ತೀನಿ, ನಡೀರಿ," ಎಂದಳು ಅಮ್ಮ.

ಯಾವತ್ತೂ ಸೆರಗು ಹೊದ್ದು ಹಿಂದೆಯೇ ಕೂರುತ್ತಿದ್ದವಳು ಅಪ್ಪನ ಪಕ್ಕ ಹತ್ತಿ ಕೂತಳು. ನಾನು ಹಿಂದಿನಿಂದ ಬಗ್ಗಿ ಬಗ್ಗಿ ನೋಡಿದೆ. ತಿರುವು ಬಂದಾಗಲೆಲ್ಲ ನಾಲ್ಕು ಕೈ ಸೇರಿ ಎಳೆಯುತ್ತಿದ್ದವು.

"ಈ ಕಡೆ ಕಣೇ, ಈ ಕಡೆ!"

"ಮೊದ್ಲೇ ಹೇಳ್ಬಾರ್ದಾ?"

ಅವರಿಬ್ಬರೂ ಒಟ್ಟಿಗೆ ನಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾರಿನ ತುಂಬ ಹೊಸ ಗ್ರೀಸಿನ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಅಮ್ಮನ ಬಳೆಗಳ ಸದ್ದೇ ಕೇಳಿಸುತ್ತದೆ.

ಅಜ್ಜಿ ಮಗಳ ಕೈಯಿಂದ ಗಂಜಿ ಕುಡಿದು ನಿದ್ದೆಹೋದರು. ಸಂಜೆ ನಾವು ಮರಳಿದಾಗ ಇಬ್ಬರೂ ನಗುತ್ತ ಒಟ್ಟಿಗೆ ಸ್ಟೇರಿಂಗು ತಿರುಗಿಸುತ್ತಿದ್ದುದನ್ನು ಕಂಡು ಪಕ್ಕದ ಮನೆಯ ನಿಂಗಮ್ಮಜ್ಜಿ ಜಗಲಿಯಿಂದಲೇ ಕೂಗಿದರು: "ಏನಪ್ಪಾ, ಆ ಕಾರನ್ನ ರಿಪೇರಿ ಗಿಪೇರಿ ಅಂತ ಬಿಟ್ಟೀಯ, ಹುಷಾರು!"