ಕೆಲಸಕ್ಕೆ ಬಾರದ ವಾಚು

ಪ್ರಹ್ಲಾದರಾಯರ ಬಳಿ ಕೀ ಕೊಡುವ ಹಳೇ ಕೈಗಡಿಯಾರಗಳು ನಲವತ್ತಿದ್ದವು. ವರ್ಷಗಟ್ಟಲೆ ಹುಡುಕಿಯೂ ಸಿಗದ ಒಂದು, ಹಳ್ಳಿಯ ಮುದುಕ ದ್ಯಾಮಣ್ಣನ ಮುಂಗೈಯಲ್ಲಿ ಟಿಕ್‌ಟಿಕ್ ಎನ್ನುತ್ತಿತ್ತು. ಅರವತ್ತು ವರ್ಷದ ಮಾಲು, ಒಳಗಿನ ಒಂದು ತಿರುಪೂ ಬದಲಾಗಿರಲಿಲ್ಲ. ಆಸೆ ಮುಖದಲ್ಲಿ ಕಂಡರೆ ಬೆಲೆ ಏರುತ್ತದೆಂದು ರಾಯರು ಮೂಗು ಮುರಿದರು.

“ಮಿಷನ್ನೇ ಕೆಟ್ಟಿದೆ ದ್ಯಾಮಣ್ಣ. ದಿನಾ ಕೀ ಕೊಡೋ ಗೋಳು ಬೇರೆ. ಏನೋ, ನಿಮ್ಮ ಮುಖ ನೋಡಿ ತಗೋತೀನಿ.”

ದ್ಯಾಮಣ್ಣನ ಮುಖ ಸಣ್ಣದಾಯಿತು. “ಇವತ್ತು ಶುಕ್ರವಾರ, ಮನೆ ವಸ್ತು ಹೊರಗೆ ಕೊಡಲ್ಲ ಸ್ವಾಮಿ. ಸೋಮವಾರ ಬರ್ರಿ.”

ಮೂರು ದಿನ ರಾಯರಿಗೆ ಅನ್ನ ರುಚಿಸಲಿಲ್ಲ. ಗಾಜಿನ ಪೆಟ್ಟಿಗೆಯ ನಟ್ಟನಡುವೆ ಜಾಗ ಮಾಡಿಟ್ಟು, ಸೋಮವಾರ ಮೊದಲ ಬಸ್ಸಿಗೇ ಬಂದಿಳಿದರು.

ದ್ಯಾಮಣ್ಣ ವಾಚನ್ನು ವೀಳ್ಯದೆಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ನೀಡಿದ.

“ಕೆಟ್ಟಿದ್ದನ್ನ ನಿಮಗೆ ದಾಟಿಸಿದ್ರೆ ನಾಕು ಜನ ಏನಂದಾರು? ಅದಕ್ಕೇ ಪ್ಯಾಟಿಗೆ ಹೋಗಿ, ಆ ಹಳೇ ಮಿಷನ್ ಕೀಳಿಸಿ ಬಿಸಾಕಿ, ಸೆಲ್ಲಿಂದು ಹಾಕ್ಸಿದೀನಿ ಸ್ವಾಮಿ. ಇನ್ನ ಕೀ ಕೊಡೋ ಗೋಳೇ ಇಲ್ಲ!”