ಹಿಂದಕ್ಕೆ ಎಳೆದ ಸೌದೆ

ಕಾಡಂಚಿನ ಬುಡಕಟ್ಟು ಜನರ ಆ ಹಾಡಿಯಲ್ಲಿ ಒಂದು ಪದ್ಧತಿ ಇತ್ತು...

ಎಲ್ಲರಿಗೂ ಸಂಬಂಧಿಸಿದ ಮಾತಿದ್ದರೆ ಬೆಂಕಿಯ ಸುತ್ತ ಕೂತೇ ಆಡಬೇಕು. ಪ್ರತಿ ಮನೆಯವರೂ ತಮ್ಮ ಒಲೆಯಿಂದ ಒಂದು ಸೌದೆ ತಂದು ಆ ಬೆಂಕಿಗೆ ಒಡ್ಡಬೇಕು.

ಒಪ್ಪಿಗೆ ಇಲ್ಲದವರು ಜಗಳ ಆಡಬೇಕಿಲ್ಲ. ತಮ್ಮ ಸೌದೆಯನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಂಡರೆ ಸಾಕು... ಅವರಾಗಿಯೇ ಮತ್ತೆ ಒಳಗೆ ತಳ್ಳುವವರೆಗೆ ತೀರ್ಮಾನ ಆಗುವಂತಿಲ್ಲ. ಯಜಮಾನನೂ ಕಾಯಲೇಬೇಕು.

ಹಿಂದಿನ ಯಜಮಾನ ತೀರಿಕೊಂಡಾಗ ಎಲ್ಲರ ಕಣ್ಣು ಅವನ ಮಗಳು ಬೊಮ್ಮಿಯ ಮೇಲಿತ್ತು.

"ನಂಗೆ ಬ್ಯಾಡ," ಅಂದಳು ಬೊಮ್ಮಿ. "ನಮ್ ಗಂಗೆ ಆಗ್ಲಿ. ಆಫೀಸು, ಮೀಟಿಂಗು ಎಲ್ಲಾ ಗೊತ್ತು ಅವಳಿಗೆ. ನಾನು ಸಾಹೇಬ್ರನ್ನ ಕಂಡ್ರೆ ಹೆಸ್ರೇ ಮರ್ತೋಯ್ತೀನಿ."

"ನಿನ್ ಹೆಸ್ರಾ, ಸಾಹೇಬ್ರ ಹೆಸ್ರಾ?" ಅಂತ ಗಂಗೆ ಕೀಟಲೆ ಮಾಡಿದಳು. ಎಲ್ಲರೂ ನಕ್ಕರು.

ಇಬ್ಬರೂ ಒಟ್ಟಿಗೆ ಗೆಣಸು ಅಗೆಯುತ್ತಾ ಬೆಳೆದವರು. ಬೊಮ್ಮಿ ತನ್ನ ಎಳೆ ಮಗುವನ್ನು ಹಿರಿಯರ ತೋಪಿನಲ್ಲಿ ಮಣ್ಣು ಮಾಡಿ ಬಂದ ದಿನ, ಅವಳ ತಲೆ ಹಿಡಿದು ಗಂಜಿ ಕುಡಿಸಿದವಳು ಗಂಗೆ.

ಅಪ್ಪನ ಯಜಮಾನಿಕೆಯ ರುಮಾಲನ್ನು ಬೊಮ್ಮಿ ತನ್ನ ಕೈಯಾರೆ ಗಂಗೆಯ ತಲೆಗೆ ಸುತ್ತಿದಳು...

ಸ್ವಲ್ಪ ಕಾಲಕ್ಕೆ ರೆಸಾರ್ಟ್ ಕಟ್ಟುವವರು ಬಂದರು. ಅವರಿಗೆ ಬೇಕಾಗಿದ್ದು ಅದೇ ಹಿರಿಯರ ತೋಪು. ಹಾಡಿಯವರೆಲ್ಲ ಒಪ್ಪದೆ ಅಲ್ಲಿ ಒಂದು ಗಿಡವನ್ನೂ ಮುಟ್ಟುವಂತಿರಲಿಲ್ಲ.

"ಅಕ್ಕ, ಈ ಸಲ ಹೊಸ ಹಾಲ್‌ನಲ್ಲಿ ಮೀಟಿಂಗ್ ಮಾಡವ," ಅಂದಳು ಗಂಗೆ. "ಬಂದೋರಿಗೆ ಹೊಗೆ ಆಗಲ್ಲ, ಕೆಮ್ಮು ಬತ್ತದೆ."

ಹೌದಲ್ಲ, ಪಾಪ ಅನ್ನಿಸಿತು ಬೊಮ್ಮಿಗೆ. ತಾನೇ ಹೋಗಿ ಹಾಲ್ ಗುಡಿಸಿದಳು, ಚಾಪೆ ಹಾಸಿದಳು.

ಮಧ್ಯಾಹ್ನ ಫ್ಯಾನ್ ತಿರುಗಿತು. ಬಿಸ್ಕೆಟ್ ಹಂಚಿದರು. ಗಂಗೆ ಎದ್ದು ಮೈಕ್ ಹಿಡಿದಳು.

"ನಮ್ ಹಾಡಿಯೋರು ಎಲ್ರೂ ಒಪ್ಪವ್ರೆ. ನಮ್ ಬೊಮ್ಮಕ್ಕನೂ ಒಪ್ಪವ್ಳೆ."

ಎಲ್ಲರೂ ಬೊಮ್ಮಿಯತ್ತ ತಿರುಗಿದರು... ಮಗುವನ್ನೇ ಅಲ್ಲಿ ಮಲಗಿಸಿದ ತಾಯಿ ಒಪ್ಪಿದ ಮೇಲೆ ನಾವೇನು ಹೇಳುವುದು ಎಂದು ತಲೆ ತಗ್ಗಿಸಿದರು. ಬಂದವರು ಚಪ್ಪಾಳೆ ತಟ್ಟಿದರು.

ಬೊಮ್ಮಿಯ ಕೈ ತಾನಾಗಿಯೇ ಮುಂದಕ್ಕೆ ಚಾಚಿತು, ತನ್ನ ಸೌದೆಯನ್ನು ಹುಡುಕುತ್ತಾ...

ಸಿಕ್ಕಿದ್ದು ತಣ್ಣನೆಯ ಟೈಲ್ಸ್.

ಹೊಗೆ ಯಾರಿಗೆ ಬೇಡವಾಗಿತ್ತು ಎಂದು ಅವಳಿಗೆ ಆಗ ಅರ್ಥವಾಯಿತು.

ಹೊರಗೆ ಬಂದು ಗಂಗೆಯನ್ನು ಕೇಳಿದಳು. "ನಾನು ಯಾವಾಗ ಒಪ್ಪಿದ್ದು?"

ಗಂಗೆ ಮುಖ ತಿರುಗಿಸಿದಳು. "ನೀನು ಬ್ಯಾಡ ಅಂತೀಯ ಅಂತ ಗೊತ್ತಿತ್ತು ಅಕ್ಕ... ಅದ್ಕೇ ಕೇಳ್ಲಿಲ್ಲ. ನನ್ ಮಗಳಿಗೆ ಅಲ್ಲಿ ಕೆಲ್ಸ ಕೊಡ್ತಾರಂತೆ. ರೋಡು ಬತ್ತದೆ. ಸತ್ತೋರ್ಗೆ ಅಷ್ಟು ಜಾಗ ಯಾಕೆ, ಇರೋರ್ಗೆ ಬ್ಯಾಡ್ವಾ?"



ಕೇಳಿದ್ದರೆ ಬೊಮ್ಮಿ ಅಳುತ್ತಿದ್ದಳು, ಬೈಯುತ್ತಿದ್ದಳು. ಆದರೆ ಗಂಗೆಯ ಮಗಳ ಕೆಲಸದ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು... ಅಷ್ಟು ವರ್ಷ ಜೊತೆಗಿದ್ದವಳಿಗೆ ಅಷ್ಟೂ ನಂಬಿಕೆ ಇರಲಿಲ್ಲವೇ? ಗಂಜಿ ಕುಡಿಸಿದ ಕೈಯೇ ಇಂದು ತನ್ನ ಬಾಯಿ ಮುಚ್ಚಿತಲ್ಲ... ಅದು ಚುಚ್ಚಿತು.

ಹೊತ್ತು ಇಳಿಯುತ್ತಿತ್ತು. ಬಂದವರು ಇನ್ನೂ ಜೀಪಿನ ಹತ್ತಿರ ಟೀ ಕುಡಿಯುತ್ತಿದ್ದರು. ಬೊಮ್ಮಿ ಮನೆಗೆ ಹೋಗಿ, ಒಲೆಯಿಂದ ಉರಿಯುವ ಸೌದೆ ತಂದು, ಹಳೆಯ ಜಾಗದಲ್ಲಿ ಬೆಂಕಿ ಹಾಕಿ ಒಬ್ಬಳೇ ಕೂತಳು.

ಮೊದಲು ಬಂದದ್ದು ಚಿಕ್ಕಿ ಅಜ್ಜಿ, ಕೈಯಲ್ಲೊಂದು ಸೌದೆ ಹಿಡಿದು. "ಆ ಫ್ಯಾನ್ ಗಾಳಿಗೆ ಮೈಯೆಲ್ಲಾ ಮರಗಟ್ಟೋಯ್ತು ಕನವ್ವ. ವಸಿ ಜರುಗು."

ಆಮೇಲೆ ಒಂದೊಂದೇ ಮನೆಯವರು ಬಂದರು. ಕೊನೆಗೆ ಗಂಗೆಯೂ ಬಂದಳು. ಬೆಂಕಿ ಹೊತ್ತಿದ ಮೇಲೆ ಯಜಮಾನಿ ಬಾರದೆ ಇರುವಂತಿಲ್ಲ.

"ಈಗ ಕೇಳು," ಅಂದಳು ಬೊಮ್ಮಿ.

ಗಂಗೆ ತನ್ನ ಸೌದೆಯನ್ನು ಬೆಂಕಿಗೆ ಒಡ್ಡಿದಳು. "ತೋಪು... ಬಿಟ್ಟುಕೊಡಾದಾ?"

ಬೊಮ್ಮಿ ತನ್ನ ಸೌದೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಜ್ಜಿಯೂ ಎಳೆದುಕೊಂಡಳು. ಅವಳ ಪಕ್ಕದವನು, ಅವನ ಪಕ್ಕದವಳು...

ಬೆಂಕಿಯಲ್ಲಿ ಉಳಿದದ್ದು ಗಂಗೆಯ ಸೌದೆ ಮಾತ್ರ. ಒಂಟಿ ಸೌದೆ ಎಷ್ಟು ಹೊತ್ತು ಉರಿದೀತು... ಹೊಗೆಯಾಡಿ ಆರಿಹೋಯಿತು.

ಗಂಗೆ ಬಿಕ್ಕಿದಳು. ತಲೆಯ ರುಮಾಲು ಬಿಚ್ಚಿ ಬೊಮ್ಮಿಯ ಮುಂದೆ ಹಿಡಿದಳು.

ಬೊಮ್ಮಿ ಕೈ ಚಾಚಲಿಲ್ಲ. "ಅದು ನಂದಲ್ಲ. ಅಲ್ಲಿಡು. ಯಾರ್ಗೆ ಅಂತ ಎಲ್ರೂ ಕೂತು ಮಾತಾಡವ. ಮೊದ್ಲು ಹೋಗಿ ಆ ಜೀಪಿನೋರ್ಗೆ ನಿನ್ ಬಾಯಲ್ಲೇ ಹೇಳ್ಬುಟ್ಟು ಬಾ."

ಗಂಗೆ ಎದ್ದವಳು ಅಲ್ಲೇ ನಿಂತಳು. "ನನ್ನನ್ನ ಹಾಡಿಯಿಂದ ಆಚೆಗೆ ಹಾಕ್ತೀರಾ?"

ಬೊಮ್ಮಿಯ ಕಣ್ಣು ತುಂಬಿ ಬಂತು. ಆದರೆ ಅವಳು ಗಂಗೆಯ ಕೈ ಹಿಡಿಯಲಿಲ್ಲ.

"ಒಲೆಗೆ ಕೆಂಡ ಬೇಕಾದ್ರೆ ನಮ್ಮನೆಗೇ ಬಾ. ಯಾವತ್ತಾದ್ರೂ ಬಾ... ನನ್ ಮಾತ ಮಾತ್ರ ಇನ್ ನೀನು ಆಡ್ಬ್ಯಾಡ."

ಗಂಗೆ ಜೀಪಿನ ಕಡೆಗೆ ನಡೆದಳು. ಬೊಮ್ಮಿ ಅವಳ ಬೆನ್ನನ್ನೇ ನೋಡುತ್ತಾ ಕೂತಳು...

ನಮ್ಮ ಪರವಾಗಿ ಮಾತಾಡು ಎಂದು ಕೊಟ್ಟ ಅಧಿಕಾರ, ನಮ್ಮನ್ನು ಕೇಳದೆ ಮಾತಾಡಲು ಕೊಟ್ಟ ಅಧಿಕಾರವಲ್ಲ.

ನಿಮ್ಮ ಮನೆಯಲ್ಲಿ "ಅವಳು ಒಪ್ಪಿದ್ದಾಳೆ" ಎಂದು ನೀವು ಎಷ್ಟೋ ಸಲ ಹೇಳಿರಬಹುದು... ಒಮ್ಮೆಯಾದರೂ ಅವಳನ್ನು ಕೇಳಿದ್ದೀರಾ?